ದಾಸ್ತೊವ್‌ಸ್ಕಿಯ ಪ್ರತಿರೂಪ, ಕಾರ್ನಾಡರ ಬಿಂಬ

ಒಬ್ಬರ ರೂಪವನ್ನು ಇನ್ನೊಬ್ಬರು ಧರಿಸಿ ಬರುವ ಕಥೆ ಕನ್ನಡಿಗರಿಗೆ ಹೊಸದಲ್ಲ. ಜನಪದ ಕಥೆಗಳನ್ನು ಆಧರಿಸಿದ ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ನಾಗವು ಅಪ್ಪಣ್ಣನ ರೂಪ ತಾಳಿ ರಾತ್ರಿ ರಾಣಿಯ ಬಳಿಗೆ ಬರುತ್ತದೆ. ಇಂಥ ಕಥೆಗಳಲ್ಲಿ ರೂಪ ಕದ್ದವನು ಹೊರಗಿನವನು. ಆ ಎರಡನೆಯವನು ಮನುಷ್ಯನ ಒಳಗಿನಿಂದಲೇ ಎದ್ದು ಬಂದರೆ? ಹತ್ತೊಂಬತ್ತನೆಯ ಶತಮಾನದ ರಷ್ಯನ್ ಮನೋವೈಜ್ಞಾನಿಕ ಕಥನವು ಎತ್ತಿಕೊಂಡ ಪ್ರಶ್ನೆ ಇದು.

ಫ್ಯೋದರ್ ದಾಸ್ತೊವ್‌ಸ್ಕಿ 1846ರಲ್ಲಿ ಪ್ರಕಟಿಸಿದ 'ಪ್ರತಿರೂಪ' ಎಂಬ ಕಿರುಕಾದಂಬರಿಯ ನಾಯಕ ಗೋಲ್ಯಾದ್‌ಕಿನ್, ಪೀಟರ್ಸ್‌ಬರ್ಗಿನ ಸರ್ಕಾರಿ ಕಚೇರಿಯೊಂದರ ನೌಕರ. ಹದಿನಾಲ್ಕು ದರ್ಜೆಗಳ ಅಧಿಕಾರ ಶ್ರೇಣಿಯಲ್ಲಿ ಅವನದು ಒಂಬತ್ತನೆಯದು. ಕರೆಯದ ಔತಣಕ್ಕೆ ನುಗ್ಗಿ, ಹೊರದಬ್ಬಿಸಿಕೊಂಡ ರಾತ್ರಿ, ಹಿಮ ಸುರಿಯುವ ಬೀದಿಯಲ್ಲಿ ಅವನಿಗೆ ತನ್ನಂತೆಯೇ ಇರುವವನೊಬ್ಬ ಎದುರಾಗುತ್ತಾನೆ. ಮರುದಿನ ಅದೇ ಹೆಸರಿನ ಆ ತದ್ರೂಪಿ ಅದೇ ಕಚೇರಿಯಲ್ಲಿ ಕೆಲಸಕ್ಕೂ ಸೇರುತ್ತಾನೆ. ನಾಯಕನಿಗಿಲ್ಲದ ಮಾತಿನ ಚಾತುರ್ಯ, ಮೇಲಧಿಕಾರಿಗಳನ್ನು ಒಲಿಸುವ ಕಲೆ ಅವನಿಗೆ ಕರಗತ. ಕೊನೆಗೆ ನಾಯಕನನ್ನು ವೈದ್ಯನೊಬ್ಬ ಬಂಡಿಯಲ್ಲಿ ಕರೆದೊಯ್ಯುತ್ತಾನೆ. ಅವನ ಸ್ಥಾನದಲ್ಲಿ ತದ್ರೂಪಿ ಉಳಿಯುತ್ತಾನೆ. ತಾನು ಆಗಬೇಕೆಂದು ಗುಟ್ಟಾಗಿ ಹಂಬಲಿಸಿದ ವ್ಯಕ್ತಿಯೇ ಅವನಿಗೆ ಶತ್ರುವಾಗಿದ್ದಾನೆ.

1880ರಲ್ಲಿ ಪೂರ್ಣಗೊಂಡ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಈ ವಸ್ತು ಬೇರೊಂದು ತಿರುವು ಪಡೆಯಿತು. ಇವಾನ್‌ನ ಕೋಣೆಗೆ ಬರುವ ಸೈತಾನನು ಅವನ ಸ್ಥಾನವನ್ನು ಕಸಿಯುವುದಿಲ್ಲ. ಅವನದೇ ವಿಚಾರಗಳನ್ನು ಅವನಿಗೇ ಒಪ್ಪಿಸಿ ಹಂಗಿಸುತ್ತಾನೆ. ಅಲ್ಲಿ ಪ್ರತಿಸ್ಪರ್ಧಿಯಾಗಿದ್ದ ಪ್ರತಿರೂಪ ಇಲ್ಲಿ ವಿಚಾರಣಾಧಿಕಾರಿಯಾಯಿತು.

ಈ ಎರಡೂ ಬಗೆಗಳು ಒಟ್ಟಿಗೆ ಕಾಣುವ ಕೃತಿ ಕನ್ನಡದಲ್ಲಿದೆ. ಮಾವಳ್ಳಿಯಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕಿರುವ ಜೆ.ಪಿ. ನಗರದ ರಂಗಶಂಕರದಲ್ಲಿ 2005ರಲ್ಲಿ ಪ್ರದರ್ಶನಗೊಂಡ ಕಾರ್ನಾಡರ 'ಒಡಕಲು ಬಿಂಬ'ವೇ ಅದು. ಅರುಂಧತಿ ನಾಗ್ ಅಭಿನಯಿಸಿದ ಈ ನಾಟಕದಲ್ಲಿ ರಂಗದ ಮೇಲಿರುವುದು ಒಬ್ಬಳೇ ನಟಿ. ಕನ್ನಡ ಕಥೆಗಾರ್ತಿ ಮಂಜುಳಾ ನಾಯಕ್ ಒಂದು ಇಂಗ್ಲಿಷ್ ಕಾದಂಬರಿಯಿಂದ ವಿಶ್ವಖ್ಯಾತಳಾಗಿದ್ದಾಳೆ. ದೂರದರ್ಶನ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸತೊಡಗುತ್ತದೆ. ಆ ಕಾದಂಬರಿ ಬರೆದವಳು ಗಾಲಿಕುರ್ಚಿಯಲ್ಲೇ ಬದುಕಿ ತೀರಿಕೊಂಡ ತಂಗಿ ಮಾಲಿನಿ ಎಂಬ ಸತ್ಯ ಹೊರಬೀಳುತ್ತದೆ. ಬಿಂಬದ ಮಾತುಗಳು ಮೊದಲೇ ಚಿತ್ರೀಕರಿಸಿದವು. ಅವು ಕಾಯುವುದಿಲ್ಲ, ನಟಿಯೇ ಅವುಗಳಿಗೆ ಹೊಂದಿಕೊಳ್ಳಬೇಕು. ಹೀಗೆ ಬಿಂಬದ ಮೇಲುಗೈ ಪ್ರದರ್ಶನದ ತಂತ್ರದಲ್ಲೇ ಅಡಗಿದೆ.

ಇವಾನ್‌ನ ಸೈತಾನನಂತೆ ಪ್ರಶ್ನಿಸಲು ಆರಂಭಿಸಿದ ಬಿಂಬ, ಕೊನೆಗೆ ಗೋಲ್ಯಾದ್‌ಕಿನ್‌ನ ತದ್ರೂಪಿಯಂತೆ ಸ್ಥಾನವನ್ನೇ ಆಕ್ರಮಿಸಿ, ತಾನೇ ಮಾಲಿನಿ ಎಂದು ಘೋಷಿಸಿಕೊಳ್ಳುತ್ತದೆ. ರಷ್ಯನ್ ಗುಮಾಸ್ತನನ್ನು ಸೀಳಿದ್ದು ದರ್ಜೆಯ ಹಂಬಲ. ಬೆಂಗಳೂರಿನ ಲೇಖಕಿಯನ್ನು ಸೀಳಿದ್ದು ತಂಗಿಯ ಮೇಲಿನ ಮತ್ಸರ ಮತ್ತು ಇಂಗ್ಲಿಷಿನ ಕೀರ್ತಿ. ತನ್ನದಲ್ಲದ ಹೆಸರಿನಲ್ಲಿ ಬದುಕಲು ಹೊರಟವರಿಗೆ ತಮ್ಮ ಹೆಸರೂ ಉಳಿಯದು ಎಂಬ ಎಚ್ಚರಿಕೆ ಎರಡು ಕಡೆಯೂ ಒಂದೇ.