ನಿಮಗಿದು ಗೊತ್ತೆ? ಗಾಜಿಲ್ಲದ ಮೀನುಮನೆ

ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಹೆಸರಲ್ಲಿ ಸಮುದ್ರವಿದ್ದರೂ ಅಲ್ಲಿರುವುದು ಕೆರೆ! ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಮಾತ್ರ ಮಕರಗಳ ಸಾಲೇ ಇದೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ.

ಕಲ್ಲಿನ ಮಕರಗಳು ಹಾಗಿರಲಿ, ಜೀವಂತ ಮೀನುಗಳನ್ನು ನೋಡಲು ಹಳೇಬೀಡು, ಅರಸೀಕೆರೆ, ಬೇಲೂರಿನವರು ಕಡಲತೀರಕ್ಕೇ ಹೋಗಬೇಕಿಲ್ಲ. ಹಾಸನ ಜಿಲ್ಲೆಯದೇ ಆದ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳೆಂದರೆ ದೇವರ ಮೀನುಗಳು. ಗಾಳ ಹಾಕುವಂತಿಲ್ಲ. ಗಾಜಿನ ತೊಟ್ಟಿಯೂ ಇಲ್ಲ, ಊರ ನಂಬಿಕೆಯೇ ಕಾವಲು. ಭಕ್ತರು ಪುರಿ ಎಸೆದರೆ ಸಾಕು, ಹಿಂಡುಹಿಂಡಾಗಿ ಮೇಲೇಳುತ್ತವೆ.

ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲೂ ಇದೇ ರೂಢಿ. 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ಹರಿಯುವ ಕಪಿಲಾ ನದಿಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವೇ ಎದ್ದಿದೆ.