ಪಿನ್ನು ನೋಡಿ ಬಲ್ಬು ತನ್ನಿ

ಹೈದರಾಬಾದಿನ ಕಾಚಿಗೂಡದಿಂದ ಟ್ಯಾಂಕ್ ಬಂಡ್ ಹಾದು ರಾಣಿಗಂಜಿಗೆ ಹೋದರೆ ಕಾರಿನ ಬಿಡಿಭಾಗ ಸಿಗದೆ ವಾಪಸು ಬರುವವರು ಕಡಿಮೆ. ನನ್ನ ಕಾರಿನ ಹಿಂದಿನ ಇಂಡಿಕೇಟರ್ ಬಲ್ಬು ಹೋದಾಗ ನಾನೂ ಅಲ್ಲಿಗೇ ಹೋಗಿ, ಹನ್ನೆರಡು ವೋಲ್ಟಿನ ಇಪ್ಪತ್ತೊಂದು ವ್ಯಾಟ್ ಬಲ್ಬು ಕೇಳಿ ತಂದೆ. ಮನೆಗೆ ಬಂದು ಹೋಲ್ಡರಿಗೆ ಒತ್ತಿ ತಿರುಗಿಸಿದರೆ ಕೂರಲೇ ಇಲ್ಲ. ಮಾರನೆ ದಿನ ಹಳೆಯದನ್ನೂ ಜೇಬಿಗೆ ಹಾಕಿಕೊಂಡು ಹೋದೆ. ಅಂಗಡಿಯ ಹಿರಿಯರು ಎರಡನ್ನೂ ಅಂಗೈ ಮೇಲಿಟ್ಟು, ‘ಪಿನ್ನು ನೋಡಿ ಸಾಬ್’ ಎಂದರು.

ಹೊಸ ಬಲ್ಬಿನ ಹಿತ್ತಾಳೆ ಬುಡದಲ್ಲಿ ಎರಡು ಪಿನ್ನುಗಳು ಎದುರುಬದುರಾಗಿದ್ದವು. ಹಳೆಯದರಲ್ಲಿ ಒಂದು ಪಿನ್ನು ಮೂವತ್ತು ಡಿಗ್ರಿ ಪಕ್ಕಕ್ಕೆ ಸರಿದಿತ್ತು. ಕೂರದಿದ್ದುದಕ್ಕೆ ಅಷ್ಟೇ ಕಾರಣ.

ಅದು ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲು ತಿರುವಿಗೆ ಚಾಲಕನ ಕೈಯೇ ಸೂಚನೆ. ಮೂಕಿಚಿತ್ರಗಳ ತಾರೆ ಫ್ಲಾರೆನ್ಸ್ ಲಾರೆನ್ಸ್ 1914ರಲ್ಲಿ ಗುಂಡಿ ಒತ್ತಿದರೆ ಏಳುವ ಸಂಕೇತದ ಕೈಯೊಂದನ್ನು ತಮ್ಮ ಕಾರಿಗೆ ಮಾಡಿಕೊಂಡರು. ಪೇಟೆಂಟ್ ಮಾತ್ರ ಪಡೆಯಲಿಲ್ಲ. ಮೋರಿಸ್ ಮೈನರಿನಂಥ ಕಾರುಗಳಲ್ಲಿ ಬಾಗಿಲ ಪಕ್ಕದ ಕಂಬದಿಂದ ದೀಪವಿದ್ದ ಪುಟ್ಟ ರೆಕ್ಕೆ ಮೇಲೇಳುತ್ತಿತ್ತು. ಮಿನುಗುವ ದೀಪವನ್ನು ಬ್ಯುಯಿಕ್ ಕಂಪನಿ 1939ರ ಮಾದರಿಗಳಲ್ಲಿ ತಂದಿತು.

ಬಣ್ಣ ಆಮೇಲೆ ಬಂತು. ಬ್ರೇಕಿನ ಕೆಂಪಿನ ಪಕ್ಕದಲ್ಲಿ ಕೆಂಪೇ ಮಿನುಗಿದರೆ ಹಿಂದಿನವನಿಗೆ ಗೊಂದಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2009ರಲ್ಲಿ ಲೆಕ್ಕ ಹಾಕಿ ನೋಡಿದಾಗ, ತಿರುಗುತ್ತಿರುವ ಕಾರಿಗೆ ಹಿಂದಿನಿಂದ ಗುದ್ದುವಂಥ ಅಪಘಾತಗಳು ಕಿತ್ತಳೆ ಬಣ್ಣದ ಇಂಡಿಕೇಟರ್‌ ಇದ್ದ ಕಾರುಗಳಲ್ಲಿ ಸುಮಾರು ಶೇ 5ರಷ್ಟು ಕಡಿಮೆಯಾಗಿದ್ದವು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಿತ್ತಳೆ ಬಣ್ಣವನ್ನೇ ಹೇಳುತ್ತವೆ. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು.

ಗಾಜೇ ಕಿತ್ತಳೆಯಾಗಿದ್ದ ಕಾಲದಲ್ಲಿ ಒಳಗೆ ಬಿಳಿ ಬಲ್ಬು ಸಾಕಿತ್ತು. ಬಿಳಿ ಗಾಜಿನ ಲ್ಯಾಂಪು ಫ್ಯಾಷನ್ ಆದಾಗ ಬಣ್ಣ ಬಲ್ಬಿನೊಳಕ್ಕೆ ಸರಿಯಿತು. ಆಗ ಯಾರಾದರೂ ಮರೆತು ಬಿಳಿ ಬಲ್ಬು ಹಾಕಿಬಿಟ್ಟರೆ? ಅದಕ್ಕೇ ಆ ಮೂವತ್ತು ಡಿಗ್ರಿ. ಬಿಳಿಯದು ಪಿ21ಡಬ್ಲ್ಯು, ಕಿತ್ತಳೆಯದು ಪಿವೈ21ಡಬ್ಲ್ಯು. ಒಂದರ ಹೋಲ್ಡರಿಗೆ ಇನ್ನೊಂದು ಕೂರದು. ಇಷ್ಟು ಸರಳವಾದ, ಇಷ್ಟು ಕಾಳಜಿಯ ವಿನ್ಯಾಸ ಕಾರಿನಲ್ಲಿ ಬೇರೊಂದಿರುವುದು ನನಗೆ ಗೊತ್ತಿಲ್ಲ. ಬ್ರೇಕ್ ಮತ್ತು ಹಿಂದೀಪ ಎರಡಕ್ಕೂ ಬಳಸುವ ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಪಿನ್ನುಗಳು ಮೇಲೆ ಕೆಳಗೆ ಇರುತ್ತವೆ, ಅದೂ ಇಲ್ಲಿ ಹಿಡಿಸದು. ಕಾರಿನ ಪಕ್ಕದಲ್ಲಿರುವ ಪುಟ್ಟ ಇಂಡಿಕೇಟರಿಗೆ ಸಾಮಾನ್ಯವಾಗಿ ಬೇಕಾದದ್ದು ಪಿನ್ನೇ ಇಲ್ಲದ ಐದು ವ್ಯಾಟಿನದು.

ಆದರೂ ಅರದಿಂದ ಪಿನ್ನು ಉಜ್ಜಿ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ತಿರುವಿನಲ್ಲಿ ಬಿಳಿ ಬೆಳಕು ಮಿನುಗುತ್ತದೆ. ಸಂಜೆ ಮಳೆಯಲ್ಲಿ ಹಿಂದೆ ಬರುವ ಬೈಕಿನವನಿಗೆ ಅದು ರಿವರ್ಸ್ ದೀಪವೋ ಇಂಡಿಕೇಟರೋ ತಿಳಿಯದು.

ಎಲ್‌ಇಡಿ ಹಾಕುವವರಿಗೂ ಒಂದು ಮಾತು. ಅನೇಕ ಕಾರುಗಳಲ್ಲಿ ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಶರ್, ಬಲ್ಬು ಎಳೆಯುವ ಕರೆಂಟನ್ನು ಗಮನಿಸುತ್ತದೆ. ಒಂದು ಬದಿಯ ಎರಡು ದೊಡ್ಡ ಬಲ್ಬು, ಒಂದು ಚಿಕ್ಕದು ಸೇರಿ 47 ವ್ಯಾಟ್, ಅಂದರೆ ಸುಮಾರು ನಾಲ್ಕು ಆಂಪಿಯರ್. ಎಲ್‌ಇಡಿ ಅಷ್ಟು ಎಳೆಯುವುದಿಲ್ಲ. ಬಲ್ಬು ಸುಟ್ಟಿದೆ ಎಂದುಕೊಂಡು ಇಂಡಿಕೇಟರ್ ಟಕಟಕ ಎಂದು ಓಡತೊಡಗುತ್ತದೆ. ಬಲ್ಬು ನಿಜಕ್ಕೂ ಸುಟ್ಟಾಗಲೂ ಕೇಳಿಸುವುದು ಇದೇ ಸದ್ದು.

ಅಂಗಡಿಗೆ ಹೋಗುವಾಗ ಹಳೇ ಬಲ್ಬು ಜೊತೆಗಿರಲಿ. ಹೊಸದನ್ನು ಹಾಕಿದ ಮೇಲೆ ಮನೆಯವರಲ್ಲಿ ಒಬ್ಬರನ್ನು ಸ್ಟೇರಿಂಗ್ ಮುಂದೆ ಕೂರಿಸಿ ನೀವು ಕಾರಿನ ಹಿಂದೆ ನಿಂತು ನೋಡಿ. ಕಿತ್ತಳೆ ಬಣ್ಣವೇ ಮಿನುಗಬೇಕು.