ಕಣಪರಿಮಾಣವೂ ಅವಸ್ಥಾಂತರವೂ

ಶಿವಯೋಗಮಂದಿರಕ್ಕೆ ನೆರೆಯಾದ ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದಕ್ಕೆ ಹೆಮಟೈಟೆಂಬ ಕಬ್ಬಿಣದ ಆಕ್ಸೈಡೇ ಕಾರಣವು. ಶುದ್ಧ ಹೆಮಟೈಟನ್ನು ಸೊನ್ನೆಗಿಂತ ಸುಮಾರು 13 ಸೆಂಟಿಗ್ರೇಡ್ ಡಿಗ್ರಿ ಕೆಳಗೆ ತಣಿಸಿದರೆ, ಅದರ ಪರಮಾಣುಗಳ ಕಾಂತದಿಕ್ಕು ಸ್ಫಟಿಕದ ಅಡ್ಡತಲವನ್ನು ಬಿಟ್ಟು ಅಕ್ಷದ ಕಡೆಗೆ ತಿರುಗುವುದು. 1950ರಲ್ಲಿ ಇದನ್ನು ಪ್ರಕಟಿಸಿದ ಮೋರಿನ್ ಎಂಬ ವಿಜ್ಞಾನಿಯ ಹೆಸರೇ ಈ ಅವಸ್ಥಾಂತರಕ್ಕೆ ಸಂದಿದೆ.

ಆದರೆ ಈ ಉಷ್ಣಮಾನವು ದ್ರವ್ಯಮಾತ್ರಕ್ಕೆ ಸೇರಿದುದಲ್ಲ. ಕಣವು ಅತಿ ಕಿರಿದಾದಂತೆ ಅದು ಇಳಿಯುತ್ತ ಹೋಗುವುದು. ಸುಮಾರು 20 ನ್ಯಾನೋಮೀಟರಿಗಿಂತ, ಎಂದರೆ ಮಿಲಿಮೀಟರಿನ ಐವತ್ತು ಸಾವಿರದ ಒಂದಂಶಕ್ಕಿಂತ, ಸಣ್ಣ ಕಣಗಳಲ್ಲಿ ಅವಸ್ಥಾಂತರವೇ ತೋರದು. ಕಣವು ಕಿರಿದಾದಷ್ಟೂ ಮೇಲ್ಮೈಯ ಪರಮಾಣುಗಳ ಪಾಲು ಹೆಚ್ಚುವುದು. ಅವುಗಳಿಗೆ ಒಂದು ಮಗ್ಗುಲಲ್ಲಿ ನೆರೆಯಿಲ್ಲ; ಆದುದರಿಂದ ಕಾಂತದಿಕ್ಕನ್ನು ನಿಶ್ಚಯಿಸುವ ಬಲಗಳ ಸಮತೋಲವು ಕದಲುವುದು.

ಆದಕಾರಣ ಪರಿಮಾಣವನ್ನು ಹೇಳದೆ ಈ ಉಷ್ಣಮಾನವನ್ನೇ ಹೆಮಟೈಟಿನ ಲಕ್ಷಣವೆಂದರೆ ಅವ್ಯಾಪ್ತಿದೋಷವು ಬರುವುದು.